ಗುಮ್ಮನನ್ನು ಕರೆದವರು

ಕಾರ್ಟೂನ್ ಚಿತ್ರವೊಂದರ ಮೇಲೆ ವಿಮರ್ಶೆ ಬರೆಯುವ ದಿನ ನನಗೂ ಬಂದೀತೆಂದು ನಾನು ಎಣಿಸಿರಲಿಲ್ಲ. ಕಥೆ, ಕಾದಂಬರಿ, ಅಪರೂಪಕ್ಕೊಂದು ನಾಟಕ ಇವುಗಳ ಬಗ್ಗೆ ನಾಲ್ಕು ಮಾತು ಬರೆದು, ಓದಿದ ನಾಲ್ಕು ಜನರಿಂದ ಬೈಸಿಕೊಂಡು, ಅಷ್ಟಕ್ಕೇ ತೃಪ್ತಿಪಟ್ಟುಕೊಂಡಿದ್ದವನು ನಾನು. ಆದರೆ ಈ ಬೇಸಗೆ ರಜೆಯಲ್ಲಿ ಜೆ.ಪಿ. ನಗರದಿಂದ ನನ್ನ ಏಳು ವರ್ಷದ ಮೊಮ್ಮಗಳು ಜಯನಗರದ ನಮ್ಮ ಮನೆಗೆ ಬಂದು ಹದಿನೈದು ದಿನ ಠಿಕಾಣಿ ಹೂಡಿದಳು. ಅವಳ ಜೊತೆಗೆ ಅವಳಪ್ಪ, ಅಂದರೆ ನನ್ನ ಮಗ, ಕಂಪ್ಯೂಟರಿನಲ್ಲಿ ತುಂಬಿಸಿ ಕಳಿಸಿದ ಹಳೆಯ ಕಾರ್ಟೂನುಗಳೂ ಬಂದವು. ಮಧ್ಯಾಹ್ನ ಊಟವಾದ ಮೇಲೆ ನಾನು ಒರಗುವ ಹೊತ್ತಿಗೆ ಸರಿಯಾಗಿ ಅವಳ ಪ್ರದರ್ಶನ ಶುರು. ಪ್ರೇಕ್ಷಕರು ಸಾಲದು ಎಂದು ನನ್ನನ್ನೂ ಎಬ್ಬಿಸಿ ಕೂರಿಸುತ್ತಿದ್ದಳು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಅವಳು ಒಂದು ಪ್ರಶ್ನೆ ಕೇಳಿದಳು. "ತಾತ, ದೆವ್ವಕ್ಕೂ ಭಯ ಆಗುತ್ತಾ?"

ನಾನು ತಕ್ಷಣ ಉತ್ತರ ಹೇಳಲಿಲ್ಲ. ಅನೇಕ ಗಂಭೀರ ಪುಸ್ತಕಗಳು ನನ್ನಲ್ಲಿ ಇಂಥ ಪ್ರಶ್ನೆಯನ್ನು ಎಬ್ಬಿಸಲಾರದೆ ಹೋಗಿವೆ. ಆದ್ದರಿಂದ ಈ ಪ್ರಶ್ನೆಯನ್ನು ಎಬ್ಬಿಸಿದ ಕಾರ್ಟೂನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಸಲ್ಲಿಸೋಣವೆಂದು ಈ ಬರಹ.

ಮೊದಲು ಕಾರ್ಟೂನಿನ ಕುಲಗೋತ್ರ. 1984ರಲ್ಲಿ ಅಮೆರಿಕದಲ್ಲಿ 'ಘೋಸ್ಟ್‌ಬಸ್ಟರ್ಸ್' ಎಂಬ ಚಲನಚಿತ್ರ ಬಂದು ಹಣದ ಹೊಳೆ ಹರಿಸಿತು. ದೆವ್ವ ಹಿಡಿಯುವುದನ್ನೇ ಕಸುಬು ಮಾಡಿಕೊಂಡವರ ಕಥೆ ಅದು. ನಮ್ಮಲ್ಲಿ ತಿಗಣೆ, ಗೆದ್ದಲಿಗೆ ಔಷಧಿ ಹೊಡೆಯುವವರು ಫೋನ್ ಮಾಡಿದರೆ ಡಬ್ಬಿ ಹೊತ್ತು ಬರುವುದಿಲ್ಲವೆ, ಹಾಗೆ ಇವರು ಬೆನ್ನಿಗೆ ಯಂತ್ರ ಕಟ್ಟಿಕೊಂಡು ಬರುತ್ತಾರೆ. ಆ ಯಂತ್ರದ ಕಿರಣದಿಂದ ದೆವ್ವವನ್ನು ಸುತ್ತಿ, ಒಂದು ಪೆಟ್ಟಿಗೆಗೆ ಬೀಳಿಸಿ, ಹಳೆಯ ಅಗ್ನಿಶಾಮಕ ಠಾಣೆಯೊಂದರ ನೆಲಮಾಳಿಗೆಯಲ್ಲಿ ಕೂಡಿಹಾಕಿ ಬಿಲ್ ಬರೆಯುತ್ತಾರೆ. ಸಿನಿಮಾ ಗೆದ್ದ ಮೇಲೆ 1986ರಿಂದ 1991ರವರೆಗೆ ಅದರ ಕಾರ್ಟೂನು ನಡೆಯಿತು. ಅದಕ್ಕೆ 'ದಿ ರಿಯಲ್ ಘೋಸ್ಟ್‌ಬಸ್ಟರ್ಸ್' ಎಂದು ಹೆಸರಿಟ್ಟರು. 'ರಿಯಲ್' ಎಂದು ಯಾಕೆ ಎಂದರೆ, ಅದೇ ಹೆಸರಿನ ಟೀವಿ ಧಾರಾವಾಹಿಯನ್ನು ಬೇರೊಂದು ಕಂಪೆನಿ 1975ರಲ್ಲೇ ಮಾಡಿತ್ತು. 1986ರಲ್ಲಿ ಆ ಕಂಪೆನಿಯೂ ತನ್ನದೇ ಕಾರ್ಟೂನು ಹೊರಡಿಸಿತು. 'ನಮ್ಮದೇ ಅಸಲಿ ಅಂಗಡಿ, ಬೇರೆ ಯಾವ ಶಾಖೆಯೂ ಇಲ್ಲ' ಎಂದು ನಮ್ಮ ಹೋಟೆಲಿನವರು ಬೋರ್ಡು ಹಾಕುವುದಿಲ್ಲವೆ, ಅದೇ ವ್ಯವಹಾರ.

ತಂಡದಲ್ಲಿ ನಾಲ್ವರು. ಮಾತಿನ ಮಲ್ಲ ಪೀಟರ್, ಎಲ್ಲವನ್ನೂ ನಂಬುವ ರೇ, ನೆಲದ ಮೇಲೆ ಕಾಲಿಟ್ಟು ಮಾತಾಡುವ ವಿನ್‌ಸ್ಟನ್, ನಗುವುದನ್ನೇ ಮರೆತ ವಿಜ್ಞಾನಿ ಈಗನ್. ಇವರ ಜೊತೆಗೆ ಸ್ಲೈಮರ್ ಎಂಬ ಹಸಿರು ದೆವ್ವವೊಂದು ಮನೆಯ ಮಗುವಿನಂತೆ ಸಾಕಿಕೊಂಡಿದೆ. ಅದಕ್ಕೆ ಎರಡೇ ಕೆಲಸ: ಕಂಡದ್ದನ್ನೆಲ್ಲ ತಿನ್ನುವುದು, ಬೇರೆ ದೆವ್ವ ಬಂದ ಕೂಡಲೇ ಕಿರುಚಿ ಮನುಷ್ಯರ ಬೆನ್ನ ಹಿಂದೆ ಅಡಗುವುದು. ನನ್ನ ಮೊಮ್ಮಗಳ ಪ್ರಶ್ನೆ ಹುಟ್ಟಿದ್ದು ಇಲ್ಲಿಂದ.

ದೆವ್ವ ಹಿಡಿಯುವ ಕಾರ್ಟೂನುಗಳಲ್ಲಿ ಎರಡು ಪಂಥಗಳಿವೆ. 1969ರಲ್ಲಿ ಹುಟ್ಟಿದ 'ಸ್ಕೂಬಿ ಡೂ' ಮೊದಲನೆಯ ಪಂಥದ್ದು. ಅಲ್ಲಿ ಸಾಮಾನ್ಯವಾಗಿ ಕೊನೆಗೆ ಮುಖವಾಡ ಎಳೆದರೆ ಜಮೀನು ಹೊಡೆಯಲು ಹೊಂಚು ಹಾಕಿದ ಮನುಷ್ಯನೊಬ್ಬ ಸಿಕ್ಕಿಬೀಳುತ್ತಾನೆ. ನಮ್ಮ ದಕ್ಷಿಣ ಬೆಂಗಳೂರಿನವರಿಗೆ ಈ ಪಂಥ ಹೊಸದಲ್ಲ. ಬಸವನಗುಡಿಯ ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರಿಶೀಲಿಸುವ ಸಮಿತಿಯನ್ನೇ ರಚಿಸಿದರು. ಖಾದಿ ಜುಬ್ಬ, ಗಾಂಧಿ ಟೋಪಿಯ ಆ ಮೇಷ್ಟರು ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎನ್ನುತ್ತಿದ್ದರು. ಮುಖವಾಡ ಎಳೆದು ನೋಡಿ ಎಂಬುದೇ ಅದರ ಅರ್ಥ. ನಾನೂ ಅವರ ಮಾತಿಗೆ ತಲೆದೂಗಿದ ತಲೆಮಾರಿನವನು. ಹೀಗೆ ತಲೆದೂಗಿದವನು ಮನೆಯಲ್ಲಿ ಏನು ಮಾಡಿದ ಎಂಬುದನ್ನು ಮುಂದೆ ಹೇಳುತ್ತೇನೆ.

ಎರಡನೆಯ ಪಂಥ ಘೋಸ್ಟ್‌ಬಸ್ಟರ್ಸ್‌ನದು. ಅಲ್ಲಿ ದೆವ್ವ ನಿಜವಾಗಿಯೂ ದೆವ್ವವೇ. ಎಳೆಯಲು ಮುಖವಾಡವಿಲ್ಲ. ಈ ಪಂಥದ ಕಥೆಗಾರನಿಗೆ ಒಂದು ತೊಂದರೆಯಿದೆ. ವಾರವಾರವೂ ದೆವ್ವವನ್ನು ಪೆಟ್ಟಿಗೆಗೆ ತುಂಬುತ್ತ ಹೋದರೆ ನೋಡುವವರಿಗೆ ದೆವ್ವದ ಮೇಲಿನ ಗೌರವ ಹೋಗಿಬಿಡುತ್ತದೆ. ಸ್ಲೈಮರನ್ನು ಕಂಡು ಯಾವ ಮಗು ಹೆದರೀತು? ಆಗ ಕಥೆಗಾರ ಒಂದು ಹಳೆಯ ಉಪಾಯ ಹುಡುಕುತ್ತಾನೆ. ದೆವ್ವಗಳೂ ಹೆದರುವಂಥ ಒಂದನ್ನು ತರುತ್ತಾನೆ.

1987ರಲ್ಲಿ ಪ್ರಸಾರವಾದ 'ದಿ ಕಲೆಕ್ಟ್ ಕಾಲ್ ಆಫ್ ಕಥುಲು' ಎಂಬ ಕಂತು ಅಂಥದ್ದು. ಇದರ ಬೇರು ಅಮೆರಿಕದ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್‌ನಲ್ಲಿದೆ. 1890ರಲ್ಲಿ ಹುಟ್ಟಿ 1937ರಲ್ಲಿ ಬಡತನದಲ್ಲೇ ತೀರಿಕೊಂಡ ಈತ 'ವಿಯರ್ಡ್ ಟೇಲ್ಸ್' ಎಂಬ ಅಗ್ಗದ ಪತ್ರಿಕೆಗೆ ಕಥೆ ಬರೆದುಕೊಂಡಿದ್ದ. 1928ರಲ್ಲಿ ಅದೇ ಪತ್ರಿಕೆಯಲ್ಲಿ ಅಚ್ಚಾದ 'ದಿ ಕಾಲ್ ಆಫ್ ಕಥುಲು' ಎಂಬ ಕಥೆಯಲ್ಲಿ ಸಮುದ್ರದ ತಳದಲ್ಲಿ ಮಲಗಿರುವ ಒಂದು ಜೀವದ ಕಲ್ಪನೆ ಬರುತ್ತದೆ. ಅದಕ್ಕೆ ಮನುಷ್ಯನ ಮೇಲೆ ದ್ವೇಷವಿಲ್ಲ, ಪ್ರೀತಿಯೂ ಇಲ್ಲ. ನಾವು ನಡೆಯುವಾಗ ಕಾಲಡಿಯ ಇರುವೆಯನ್ನು ಗಮನಿಸುತ್ತೇವೆಯೆ? ಅದರ ಪಾಲಿಗೆ ನಾವು ಅಷ್ಟೆ. ನಮ್ಮ ದೆವ್ವಗಳಿಗೆ ಒಂದು ಕಾರಣವಿರುತ್ತದೆ. ಬಾವಿಗೆ ಬಿದ್ದ ಸೊಸೆ, ಆಸ್ತಿಗಾಗಿ ಸತ್ತ ಅಣ್ಣ, ಆಸೆ ತೀರದೆ ಹೋದ ಮುದುಕ, ಹೀಗೆ. ಕಾರಣ ಗೊತ್ತಾದರೆ ಪರಿಹಾರವೂ ಇದೆ. ಲವ್‌ಕ್ರಾಫ್ಟ್‌ನ ಜೀವಕ್ಕೆ ಕಾರಣವೇ ಇಲ್ಲ. ಆದ್ದರಿಂದ ಅದರ ಮುಂದೆ ನಮ್ಮ ದೆವ್ವಗಳು ನೆಂಟರಿಷ್ಟರ ಹಾಗೆ ಕಾಣತೊಡಗುತ್ತವೆ.

ಕಾರ್ಟೂನಿನವರು ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡಿದ್ದಾರೆ. ಮೂಲ ಸಿನಿಮಾದಲ್ಲಿ ಗೋಝರ್ ಎಂಬ ಮಹಾ ಪಿಶಾಚಿ ಬಂದು ನ್ಯೂಯಾರ್ಕ್ ನಗರವನ್ನು ನಡುಗಿಸಿತ್ತಷ್ಟೆ. ಆ ಗೋಝರ್ ಇದರೆದುರು ಹಸುಗೂಸು ಎಂಬ ಅರ್ಥದ ಮಾತೊಂದನ್ನು ಈ ಕಂತಿನಲ್ಲಿ ಆಡಿಸುತ್ತಾರೆ. ಒಂದೇ ವಾಕ್ಯದಲ್ಲಿ ಹಳೆಯ ಶತ್ರುಗಳೆಲ್ಲ ಕೆಳದರ್ಜೆಗೆ ಇಳಿದುಬಿಟ್ಟರು. ಬೆನ್ನಿನ ಯಂತ್ರವೂ ಅದರ ಮುಂದೆ ನಡೆಯುವುದಿಲ್ಲ. ಇಲ್ಲಿಯವರೆಗೂ ಕಥೆ ಭದ್ರವಾಗಿದೆ.

ಮುಂದೆ ಎರಡು ಸಂಗತಿಗಳು ನಡೆಯುತ್ತವೆ. ಒಂದು ನನಗೆ ಸಂತೋಷ ಕೊಟ್ಟಿತು, ಇನ್ನೊಂದು ನಿರಾಸೆ.

ಸಂತೋಷದ ಸಂಗತಿ ಮೊದಲು. ಈ ಭೂತವನ್ನು ಗೆಲ್ಲುವ ದಾರಿ ಯಾವ ಪ್ರಯೋಗಶಾಲೆಯಲ್ಲೂ ಸಿಗುವುದಿಲ್ಲ. ಹಳೆಯ ಅಗ್ಗದ ಪತ್ರಿಕೆಗಳನ್ನು ಕೂಡಿಟ್ಟ ಒಬ್ಬನ ಮನೆಯಲ್ಲಿ, ಧೂಳು ಹಿಡಿದ ಸಂಚಿಕೆಯೊಂದರಲ್ಲಿ ಸುಳಿವು ಸಿಗುತ್ತದೆ! ಸಿಡಿಲೇ ಅದಕ್ಕೆ ಮದ್ದು. ಕೋನಿ ಐಲೆಂಡಿನ ಜಾತ್ರೆಮೈದಾನದಲ್ಲಿ ಏರಿಳಿದು ಓಡುವ ರೈಲಾಟದ ಕಂಬಿಗೆ ಸಿಡಿಲು ಹೊಡೆಯುವಂತೆ ಮಾಡಿ ಅದನ್ನು ಸುಡುತ್ತಾರೆ. ನಮ್ಮ ಮನೆಯ ಅಟ್ಟದ ಮೇಲೆ ಮೂವತ್ತು ವರ್ಷದ ಮಾಸಪತ್ರಿಕೆ, ವಿಶೇಷಾಂಕಗಳಿವೆ. ರದ್ದಿಯವನು ಬೀದಿಯಲ್ಲಿ ಕೂಗಿದಾಗಲೆಲ್ಲ ನನ್ನ ಹೆಂಡತಿ ಅಟ್ಟದ ಕಡೆ ಒಮ್ಮೆ ನೋಡಿ ನನ್ನ ಕಡೆ ಒಮ್ಮೆ ನೋಡುತ್ತಾಳೆ. ಆ ದೃಶ್ಯ ಬಂದಾಗ ನಾನು ಅವಳನ್ನು ಅಡುಗೆಮನೆಯಿಂದ ಕರೆದು ತೋರಿಸಿದೆ. "ಅದಕ್ಕೇನೀಗ? ನಮ್ಮನೇಗೆ ಅಂಥದ್ದು ಬಂದಾಗ ನೋಡೋಣ" ಎಂದು ಹೊರಟುಹೋದಳು.

ನಿರಾಸೆಯ ಸಂಗತಿ ಎಂದರೆ, ಭೂತ ಕೊನೆಗೆ ತೆರೆಯ ಮೇಲೆ ಕಾಣಿಸಿಕೊಳ್ಳುತ್ತದೆ. ಅಷ್ಟು ಹೊತ್ತು ನನ್ನ ತೊಡೆಗೆ ಅಂಟಿಕೊಂಡು ಕೂತಿದ್ದ ಮೊಮ್ಮಗಳು ಅದನ್ನು ನೋಡಿದ್ದೇ "ಅಯ್ಯೋ, ಆಕ್ಟೋಪಸ್ಸು!" ಎಂದು ನಕ್ಕುಬಿಟ್ಟಳು.

ಅವಳ ನಗುವಿನಲ್ಲಿ ಒಂದು ದೊಡ್ಡ ವಿಮರ್ಶೆಯೇ ಇತ್ತು. ಲವ್‌ಕ್ರಾಫ್ಟ್ ತನ್ನ ಕಥೆಯಲ್ಲಿ ಆ ಜೀವದ ಕಲ್ಲಿನ ಬೊಂಬೆಯನ್ನು ವಿವರವಾಗಿ ಬಣ್ಣಿಸುತ್ತಾನೆ. ಆದರೆ ಅದೇ ಎದ್ದು ಬಂದಾಗ, ಇದನ್ನು ವರ್ಣಿಸಲು ಮಾತಿಲ್ಲ ಎಂದು ಕೈಚೆಲ್ಲುತ್ತಾನೆ. ಬರೆಯುವವನಿಗೆ ಆ ಸೌಕರ್ಯವಿದೆ. ಕಾರ್ಟೂನಿನವನಿಗೆ ಇಲ್ಲ. ಅವನು ಗೆರೆ ಎಳೆಯಲೇಬೇಕು, ಹಸಿರೋ ನೀಲಿಯೋ ಬಣ್ಣ ತುಂಬಲೇಬೇಕು. ಗೆರೆ ಎಳೆದ ಕೂಡಲೇ ಭೂತಕ್ಕೆ ಒಂದು ಅಂಚು ಬಂತು. ಅಂಚು ಬಂದದ್ದು ಎಷ್ಟು ದೊಡ್ಡದಾದರೂ ಅಳತೆಗೆ ಸಿಕ್ಕಿಹೋಯಿತು. ಕಲೆಯ ಲೆಕ್ಕದಲ್ಲಿ ಇದು ಸೋಲು. ಆದರೆ ನೋಡುವವರು ಮಕ್ಕಳು ಎಂಬುದನ್ನು ನೆನೆದರೆ ಇದೊಂದು ಕರುಣೆಯೂ ಹೌದೇನೋ.

ದೆವ್ವ ಹೆದರುವಂಥದ್ದನ್ನು ಗೆರೆ ಎಳೆದು ತೋರಿಸುವ ಕೆಲಸವನ್ನು ನಮ್ಮವರೂ ಮಾಡಿದ್ದಾರೆ. ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಕಟ್ಟುತ್ತಿರುವ ಯಾವ ಮನೆಯ ಮುಂದೆ ಬೇಕಾದರೂ ನಿಂತು ನೋಡಿ. ಕಬ್ಬಿಣದ ಸರಳುಗಳ ನಡುವೆ ಕೋರೆಹಲ್ಲು, ಗಿರಿಜಾಮೀಸೆ, ಹೊರಚಾಚಿದ ನಾಲಗೆಯ ರಾಕ್ಷಸ ಮುಖವೊಂದು ನೇತಾಡುತ್ತಿರುತ್ತದೆ. ಅದೇ ದೃಷ್ಟಿಬೊಂಬೆ. ಅದಿಲ್ಲದಿದ್ದರೆ ಬೂದುಗುಂಬಳಕಾಯಿಯ ಮೇಲೆ ಅದೇ ಮುಖವನ್ನು ಬರೆದು ಕಟ್ಟಿರುತ್ತಾರೆ. ಕೆಟ್ಟ ಕಣ್ಣು, ಗಾಳಿ, ಪೀಡೆ ಇವು ಬಂದರೆ ಆ ಮುಖವನ್ನು ಕಂಡು ಹಿಂದೆ ಸರಿಯಲಿ ಎಂದು. ದೇವಸ್ಥಾನದ ಬಾಗಿಲ ಮೇಲೆ, ದೇವರ ಪ್ರಭಾವಳಿಯ ನೆತ್ತಿಯಲ್ಲಿ ಇರುವ ಕೀರ್ತಿಮುಖವೂ ಇದೇ ವಂಶದ್ದು. ರಾಹುವನ್ನು ನುಂಗಲು ಶಿವನು ಹುಟ್ಟಿಸಿದ ಹಸಿದ ಭೂತ ಅದು. ರಾಹು ಶರಣಾದ ಮೇಲೆ ತಿನ್ನಲು ಏನೂ ಸಿಗದೆ, ಶಿವನ ಅಪ್ಪಣೆಯಂತೆ ತನ್ನ ಮೈಯನ್ನೇ ತಿಂದುಕೊಂಡು ಬರಿಯ ಮುಖವಾಗಿ ಉಳಿಯಿತಂತೆ. ಅದೇ ರಾಹುವಿನ ಕಾಲದಲ್ಲಿ, ಎಲ್ಲರೂ ಶುಭಕಾರ್ಯ ಬಿಡುವ ಹೊತ್ತಿನಲ್ಲಿ, ಕನಕಪುರ ರಸ್ತೆಯ ಬನಶಂಕರಿ ಗುಡಿಯಲ್ಲಿ ಹೆಂಗಸರು ನಿಂಬೆಹಣ್ಣಿನ ಹೋಳಿನಲ್ಲಿ ದೀಪ ಹಚ್ಚುತ್ತಾರೆ. ಇತ್ತ ಜಯನಗರದ ರಾಗಿಗುಡ್ಡದಲ್ಲಿ ಆಂಜನೇಯನೇ ಕೂತಿದ್ದಾನೆ; ಅವನ ಹೆಸರು ಕೇಳಿದರೆ ಯಾವ ದೆವ್ವವೂ ನಿಲ್ಲುವುದಿಲ್ಲವೆಂದು ನಮ್ಮಜ್ಜಿ ಹೇಳುತ್ತಿದ್ದಳು.

ಹೀಗೆ ನಮ್ಮಲ್ಲಿ ಭಯಕ್ಕೂ ಸರ್ಕಾರಿ ಕಚೇರಿಯಂತೆ ಮೆಟ್ಟಿಲುಗಳಿವೆ. ಗುಮಾಸ್ತನಿಗೆ ಸೂಪರಿಂಟೆಂಡೆಂಟನ ಭಯ, ಅವನಿಗೆ ಸಾಹೇಬರ ಭಯ, ಸಾಹೇಬರಿಗೆ ಮಂತ್ರಿಗಳ ಭಯ. ಮನುಷ್ಯನಿಗೆ ದೆವ್ವದ ಭಯ, ದೆವ್ವಕ್ಕೆ ಆಂಜನೇಯನ ಭಯ. ಈ ಏರ್ಪಾಡಿನಲ್ಲಿ ಒಂದು ನೆಮ್ಮದಿಯಿದೆ. ನಿಮ್ಮನ್ನು ಹೆದರಿಸುವವನ ಮೇಲೂ ಒಬ್ಬನಿದ್ದಾನೆ, ಅವನಿಗೆ ಅರ್ಜಿ ಹಾಕಬಹುದು. "ಹೌದಮ್ಮ, ದೆವ್ವಕ್ಕೂ ಭಯ ಆಗುತ್ತೆ" ಎಂದು ನಾನು ಮೊಮ್ಮಗಳಿಗೆ ಕೊನೆಗೂ ಉತ್ತರ ಹೇಳಿದ್ದು ಈ ಧೈರ್ಯದ ಮೇಲೆ.

ಆದರೆ ಈ ಮೆಟ್ಟಿಲುಗಳ ಲೆಕ್ಕಕ್ಕೆ ಸಿಗದ ಎರಡು ಭಯಗಳು ನಮ್ಮಲ್ಲೇ ಇವೆ.

ಮೊದಲನೆಯದು 'ನಾಳೆ ಬಾ'. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ರಾತ್ರಿ ದೆವ್ವವೊಂದು ಬಂದು ಬಾಗಿಲು ತಟ್ಟುತ್ತದೆ, ಬಾಗಿಲು ತೆಗೆದವರು ಸಾಯುತ್ತಾರೆ ಎಂಬ ಸುದ್ದಿ ಹಬ್ಬಿತ್ತು. ಅದಕ್ಕೆ ಜನ ಬಾಗಿಲ ಮೇಲೆ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ 'ನಾಳೆ ಬಾ' ಎಂದು ಬರೆದರು. ದೆವ್ವ ಓದಿಕೊಂಡು ಹೋಗುತ್ತದೆ, ಮರುದಿನ ಬಂದರೂ ಅದೇ ಬರಹ. ಸಾಲ ವಸೂಲಿಗೆ ಬಂದವರಿಗೆ ನಾವು ತಲೆತಲಾಂತರದಿಂದ ಹೇಳುತ್ತಾ ಬಂದ ಮಾತನ್ನೇ ದೆವ್ವಕ್ಕೂ ಹೇಳಿದೆವು ಎಂದು ಆಗ ನಾವೆಲ್ಲ ನಕ್ಕಿದ್ದೆವು. 2018ರಲ್ಲಿ ಬಂದ 'ಸ್ತ್ರೀ' ಎಂಬ ಹಿಂದಿ ಸಿನಿಮಾದವರೂ ಈ ಕಥೆಯನ್ನು ಬಳಸಿಕೊಂಡರು. ಅಲ್ಲೂ ಜನ ನಕ್ಕರು. ಆದರೆ ಈ ಕಥೆಯಲ್ಲಿ ನಗು ಬರದ ವಿವರವೊಂದಿದೆ. ಆ ದೆವ್ವ ನಿಮ್ಮ ಮನೆಯವರ ದನಿಯಲ್ಲೇ ಕರೆಯುತ್ತದಂತೆ. ಅಮ್ಮನ ದನಿಯಲ್ಲಿ, ಅಕ್ಕನ ದನಿಯಲ್ಲಿ. ಅದಕ್ಕೇ ಜನ ಬಾಗಿಲು ತೆಗೆಯುವುದು.

ಎರಡನೆಯದು ಗುಮ್ಮ. ಕನ್ನಡದ ಮಕ್ಕಳೆಲ್ಲ ಬಲ್ಲ ಈ ಗುಮ್ಮನಿಗೆ ಊರಿಲ್ಲ, ಕಥೆಯಿಲ್ಲ, ಮುಖವಿಲ್ಲ. ಯಾರೂ ಅವನ ಚಿತ್ರ ಬರೆದು ಮನೆ ಮುಂದೆ ಕಟ್ಟಿದ್ದನ್ನು ನಾನು ಕಂಡಿಲ್ಲ. ವರ್ಣನೆಗೆ ಸಿಗದ ಭೂತಕ್ಕಾಗಿ ಲವ್‌ಕ್ರಾಫ್ಟ್ ಪುಟಗಟ್ಟಲೆ ಬರೆದ. ನಮ್ಮ ಅಜ್ಜಿಯಂದಿರು ಎರಡಕ್ಷರದಲ್ಲಿ ಆ ಕೆಲಸ ಮುಗಿಸಿದರು.

ಈ ಗುಮ್ಮನನ್ನು ಸಾಹಿತ್ಯಕ್ಕೆ ತಂದು ಕೂರಿಸಿದವರು ಪುರಂದರದಾಸರು. ಅವರ ಗುಮ್ಮನ ಪದವನ್ನು ಕೇಳದವರಿಲ್ಲ. ಅಲ್ಲಿ ಹೆದರುವವನು ಬಾಲಕೃಷ್ಣ. ಅಮ್ಮ, ಗುಮ್ಮನನ್ನು ಕರೆಯಬೇಡ ಎಂದು ಗೋಗರೆಯುತ್ತಾನೆ. ಊಟ ಮಾಡುತ್ತೇನೆ, ಅಳುವುದಿಲ್ಲ, ಬೆಣ್ಣೆ ಕೇಳುವುದಿಲ್ಲ, ಮಣ್ಣು ತಿನ್ನುವುದಿಲ್ಲ, ಬಾವಿಯ ಹತ್ತಿರ ಹೋಗುವುದಿಲ್ಲ ಎಂದು ಒಂದೊಂದಾಗಿ ಮುಚ್ಚಳಿಕೆ ಬರೆದುಕೊಡುತ್ತಾನೆ. ಪೂತನಿಗೆ ಹೆದರದವನು, ಮುಂದೆ ಕಾಳಿಂಗನ ಹೆಡೆಯ ಮೇಲೆ ಕುಣಿಯಲಿರುವವನು, ಒಂದು ಹೆಸರಿಗೆ ಹೆದರುತ್ತಾನೆ. ಯಾವುದಕ್ಕೆ ದೆವ್ವಗಳು ಹೆದರುತ್ತವೋ ಅಂಥ ದೇವರೇ ಹೆದರುವ ಗುಮ್ಮ! ಅಮೆರಿಕದ ಕಾರ್ಟೂನಿನವರು ಇಷ್ಟು ಎತ್ತರಕ್ಕೆ ಏಣಿ ಹಾಕಲಾರರು.

ಬಹಳ ವರ್ಷ ನಾನು ಈ ಪದವನ್ನು ಕೃಷ್ಣನ ಲೀಲೆ ಎಂದಷ್ಟೇ ಕೇಳಿದ್ದೆ. ಈಗ ಅದರಲ್ಲಿ ಬೇರೊಂದು ಕಾಣುತ್ತಿದೆ. ಪದದ ಉದ್ದಕ್ಕೂ ಗುಮ್ಮ ಬರುವುದೇ ಇಲ್ಲ. ಕೊನೆಯಲ್ಲಿ ಗೋಪಿ ಮಗನ ಮಾತು ಕೇಳಿ ಮುಗುಳ್ನಕ್ಕು ಅವನನ್ನು ಅಪ್ಪಿಕೊಳ್ಳುತ್ತಾಳೆ. ಹೆದರಿಸಿದವಳೂ ಅವಳೇ, ಹೆದರಿದಾಗ ಓಡಿ ಹೋಗಬೇಕಾದ ಮಡಿಲೂ ಅವಳದೇ. ಆದರೆ ಅವಳು ಗುಮ್ಮನನ್ನು ಬಾಗಿಲಾಚೆಯೇ ನಿಲ್ಲಿಸಿದ್ದಾಳೆ, ಕರೆಯುವ ಮಾತಾಡಿದರೂ ಕರೆದಿಲ್ಲ. ಹಾಗಾಗಿ ಮಡಿಲು ಮಡಿಲಾಗಿಯೇ ಉಳಿಯಿತು. ದಾಸರು ಆ ಗೆರೆಯನ್ನು ಎಲ್ಲಿ ಎಳೆದಿದ್ದಾರೆ ಎಂಬುದು ಮುಖ್ಯ.

ಗುಮ್ಮನ ಅಮೆರಿಕದ ದಾಯಾದಿಗೆ ಬೂಗಿಮ್ಯಾನ್ ಎಂದು ಹೆಸರು. ಇದೇ ಕಾರ್ಟೂನಿನ ಮೊದಲ ವರ್ಷದಲ್ಲಿ, 1986ರಲ್ಲಿ, 'ದಿ ಬೂಗಿಮ್ಯಾನ್ ಕಮೆತ್' ಎಂಬ ಕಂತು ಬಂತು. ಹೊರನೋಟಕ್ಕೆ ಕಥುಲುವಿನ ಕಂತಿನಷ್ಟು ಅದ್ಧೂರಿಯಿಲ್ಲ. ಸಮುದ್ರವಿಲ್ಲ, ಸಿಡಿಲಿಲ್ಲ. ಅಣ್ಣತಂಗಿಯರಿಬ್ಬರು ತಮ್ಮ ಕೋಣೆಯ ಬಟ್ಟೆ ಬೀರುವಿನಲ್ಲಿ ಏನೋ ಇದೆ ಎಂದು ಬಂದು, ಕೂಡಿಟ್ಟ ಚಿಲ್ಲರೆ ಕಾಸನ್ನು ಮುಂದಿಟ್ಟು ಈ ತಂಡದ ಸಹಾಯ ಕೇಳುತ್ತಾರೆ. ಆಗ ಅದುವರೆಗೆ ಯಾವುದಕ್ಕೂ ಮುಖ ಬದಲಿಸದ ವಿಜ್ಞಾನಿ ಈಗನ್ ಬಿಳಿಚಿಕೊಳ್ಳುತ್ತಾನೆ. ಅವನು ಚಿಕ್ಕವನಿದ್ದಾಗ ಅವನ ಕೋಣೆಗೂ ಅದೇ ಬರುತ್ತಿತ್ತು. ಅವನು ದೆವ್ವಗಳ ಅಧ್ಯಯನಕ್ಕೆ ಇಳಿದದ್ದೇ ಆ ಭಯದಿಂದ. ಮಕ್ಕಳ ಹೆದರಿಕೆಯನ್ನೇ ಉಂಡು ಬೆಳೆಯುವ ಜೀವ ಅದು.

ಇದನ್ನು ನೋಡುವಾಗ ನನ್ನ ಮೊಮ್ಮಗಳು ನಗಲಿಲ್ಲ. ಬೂಗಿಮ್ಯಾನನ ದೊಡ್ಡ ತಲೆ, ಗೊರಸಿನ ಕಾಲುಗಳನ್ನೂ ಕಾರ್ಟೂನಿನವರು ಬಿಡಿಸಿಯೇ ತೋರಿಸಿದ್ದಾರೆ, ಆದರೂ ನಗಲಿಲ್ಲ. ಅವಳ ಕಣ್ಣು ಆ ಬೀರುವಿನ ಬಾಗಿಲ ಮೇಲಿತ್ತು. ಆದ್ದರಿಂದ ನನ್ನ ತೀರ್ಪು ಇದು. ಎರಡು ಕಂತುಗಳಲ್ಲಿ ಬೂಗಿಮ್ಯಾನನದೇ ಮೇಲು. ಕಥುಲು ಎಷ್ಟೇ ದೊಡ್ಡದಾದರೂ ಅದು ಊರಿನ ತೊಂದರೆ. ಬೂಗಿಮ್ಯಾನ್ ಮಲಗುವ ಕೋಣೆಯ ತೊಂದರೆ. ಅದಕ್ಕಿಂತ ಮುಖ್ಯವಾಗಿ, ಆ ಮಕ್ಕಳಿಗೆ ಹೋಗಿ ಕರೆಯಲು ಒಬ್ಬರಿದ್ದರು. ತಮ್ಮ ಮಾತನ್ನು ನಂಬುವ, ತಾನೂ ಹಿಂದೊಮ್ಮೆ ಹೆದರಿದ್ದೆ ಎಂದು ಒಪ್ಪಿಕೊಳ್ಳುವ ಒಬ್ಬ ದೊಡ್ಡವನಿದ್ದ. ಘೋಸ್ಟ್‌ಬಸ್ಟರ್ಸ್ ಕಥೆಗಳೆಲ್ಲ ಕೊನೆಗೆ ನಿಲ್ಲುವುದು ಈ ಒಂದು ಮಾತಿನ ಮೇಲೆ. ಹೆದರಿದಾಗ ಯಾರನ್ನು ಕರೆಯಬೇಕು?

ವಿಮರ್ಶೆಯನ್ನು ಇಲ್ಲಿಗೇ ಮುಗಿಸಬಹುದಾಗಿತ್ತು. ಆದರೆ ಈ ಕಂತನ್ನು ನೋಡಿದ ದಿನ ಸಂಜೆ ನಡೆದದ್ದನ್ನು ಬರೆಯದಿದ್ದರೆ ಮೇಲಿನ ತೀರ್ಪು ಎಲ್ಲಿಂದ ಬಂತೆಂದು ಓದುಗರಿಗೆ ತಿಳಿಯುವುದಿಲ್ಲ.

ಅಂದು ಭಾನುವಾರ. ಮಗ ಜೆ.ಪಿ. ನಗರದಿಂದ ಬಂದಿದ್ದ. ರಾತ್ರಿ ಊಟಕ್ಕೆ ಹುರುಳಿಕಾಯಿ ಪಲ್ಯ. ಮೊಮ್ಮಗಳು ತುತ್ತನ್ನು ಬಾಯಲ್ಲಿಟ್ಟುಕೊಂಡು ಅರ್ಧ ಗಂಟೆ ಕೂತಳು. ನನಗೆ ತಾಳ್ಮೆ ಕಡಿಮೆ. "ನೋಡು, ಬೇಗ ತಿನ್ನದಿದ್ದರೆ..." ಎಂದು ಹಿತ್ತಿಲ ಕಿಟಕಿಯ ಕಡೆ ಕೈ ತೋರಿಸಿದೆ. ವಾಕ್ಯ ಪೂರೈಸುವ ಮೊದಲೇ ಮಗ ಮೆಲ್ಲಗೆ, "ಅಪ್ಪ, ಬೇಡ" ಎಂದ.

ಆ ಎರಡು ಮಾತಿಗೆ ನಾನು ಸುಮ್ಮನಾದೆ. ಅವನೂ ಆ ಕಿಟಕಿಯನ್ನೇ ನೋಡುತ್ತಿದ್ದ.

ಅವನಿಗೆ ಐದು ವರ್ಷವಾಗಿದ್ದಾಗಿನ ಮಾತು. ಇದೇ ಮನೆ. ಅವನ ತಾಯಿ ತವರಿಗೆ ಹೋಗಿದ್ದಳು. ಅಂದೂ ಹೀಗೆಯೇ ಊಟದ ರಗಳೆ. ಕರೆಂಟ್ ಹೋಯಿತು, ಆ ಕಾಲಕ್ಕೆ ಅದು ದಿನಚರಿ. ನನಗೆ ಒಂದು ಉಪಾಯ ಹೊಳೆಯಿತು. ಮೇಣದಬತ್ತಿ ತರುತ್ತೇನೆಂದು ಒಳಗೆ ಹೋಗಿ, ಕಂಬಳಿ ಹೊದ್ದು, ಹಿತ್ತಿಲ ಬಾಗಿಲಿನಿಂದ ಹೊರಗೆ ಬಂದು, ಒಗೆಯುವ ಕಲ್ಲಿನ ಮೇಲೆ ಹತ್ತಿ ಕಿಟಕಿಯಲ್ಲಿ ನಿಂತೆ. ಕಿಟಕಿಯ ಹಿಂದೆ ನುಗ್ಗೆಮರ ಅಲ್ಲಾಡುತ್ತಿತ್ತು. ಗಂಟಲು ಬದಲಿಸಿ "ಊಟ ಮಾಡ್ತೀಯೋ ಇಲ್ವೋ" ಎಂದೆ. ಮಗು ಅಳಲಿಲ್ಲ, ಕಿರುಚಲಿಲ್ಲ. ತಟ್ಟೆಯಲ್ಲಿದ್ದದ್ದನ್ನೆಲ್ಲ ಒಂದಗುಳೂ ಬಿಡದೆ ತಿಂದ. ನಾನು ನನ್ನ ಉಪಾಯಕ್ಕೆ ನಾನೇ ಮೆಚ್ಚಿ, ಕಂಬಳಿ ಮಡಿಸಿಟ್ಟು ಬಂದೆ. ಮೂಢನಂಬಿಕೆಯ ಮೇಲಿನ ಉಪನ್ಯಾಸಗಳಿಗೆ ಸೈಕಲ್ ಹೊಡೆದುಕೊಂಡು ಹೋಗುತ್ತಿದ್ದವನು ನಾನು, ಮರೆಯಬೇಡಿ.

ಆಮೇಲೆ ಒಂಬತ್ತು ಹತ್ತು ವರ್ಷದವನಾಗುವವರೆಗೂ ಅವನು ರಾತ್ರಿ ಹಿತ್ತಿಲಿಗೆ ಒಬ್ಬನೇ ಹೋಗುತ್ತಿರಲಿಲ್ಲ. ಹಾಸಿಗೆ ಒದ್ದೆಯಾಗುತ್ತಿತ್ತು. ಡಾಕ್ಟರಿಗೆ ತೋರಿಸಿದೆವು, ತಾಯತ ಕಟ್ಟಿಸಿದೆವು. ಅವನ ತಾಯಿ ರಾಗಿಗುಡ್ಡಕ್ಕೆ ಶನಿವಾರ ಶನಿವಾರ ಕರೆದುಕೊಂಡು ಹೋದಳು. ನಾನು ಮಾತ್ರ ಬಾಯಿ ಬಿಡಲಿಲ್ಲ. ಮುಂದೆ ನನ್ನ ಸಹೋದ್ಯೋಗಿಯೊಬ್ಬರ ನೆಂಟರು ಅಮೆರಿಕದಿಂದ ತಂದ ವಿಡಿಯೋ ಕ್ಯಾಸೆಟ್ಟಿನಲ್ಲಿ ಈ ಕಾರ್ಟೂನು ಸಿಕ್ಕಾಗ ಅವನು ಅದನ್ನು ಹಾಕಿಸಿ ಹಾಕಿಸಿ ನೋಡುತ್ತಿದ್ದ. ದೆವ್ವಕ್ಕೆ ಹೆದರುವ ಹುಡುಗ ದೆವ್ವದ ಚಿತ್ರವನ್ನೇ ಯಾಕೆ ನೋಡುತ್ತಾನೆ ಎಂದು ನಾನು ತಮಾಷೆ ಮಾಡಿದ್ದೆ.

ಊಟ ಮುಗಿದು, ಮೊಮ್ಮಗಳು ಅಜ್ಜಿಯ ಜೊತೆ ಒಳಗೆ ಹೋದ ಮೇಲೆ, ಅಡುಗೆಮನೆಯಲ್ಲಿ ಮಗ ತಟ್ಟೆ ತೊಳೆಯುತ್ತಿದ್ದ. ನಾನು ಪಕ್ಕದಲ್ಲಿ ಒರೆಸುವ ಬಟ್ಟೆ ಹಿಡಿದು ನಿಂತೆ.

"ಅವತ್ತು ಕಿಟಕಿಯಲ್ಲಿ ಕಂಬಳಿ ಹೊದ್ಕೊಂಡು ನಿಂತಿದ್ದು ನಾನು ಕಣೋ" ಎಂದೆ.

"ಗೊತ್ತು" ಎಂದ.

"ಯಾವಾಗ ಗೊತ್ತಾಯ್ತು?"

"ಅವತ್ತೇ. ನಶ್ಯದ ವಾಸನೆ ಬಂತು."

ಆಗ ನನಗೆ ನಶ್ಯದ ಚಟವಿತ್ತು. "ನಾನು ಅಂತ ಗೊತ್ತಿದ್ದೂ ಅಷ್ಟು ಹೆದರಿಕೊಂಡೆಯಾ?"

ಅವನು ನಲ್ಲಿ ನಿಲ್ಲಿಸಿದ. "ಗುಮ್ಮ ಆಗಿದ್ದಿದ್ದರೆ ನಿಮ್ಮನ್ನ ಕರೀತಿದ್ದೆ ಅಪ್ಪ. ನೀವೇ ಅಂತ ಗೊತ್ತಾದ ಮೇಲೆ ಯಾರನ್ನ ಕರೀಲಿ? ಅಮ್ಮನೂ ಊರಲ್ಲಿರಲಿಲ್ಲ."

ಸಿಟ್ಟಿನಿಂದ ಹೇಳಿದ್ದಲ್ಲ. ಲೆಕ್ಕ ಹೇಳುವವನಂತೆ ಹೇಳಿ, ಮತ್ತೆ ನಲ್ಲಿ ಬಿಟ್ಟು ಇನ್ನೊಂದು ತಟ್ಟೆ ತೊಳೆದು ನನ್ನ ಕೈಗೆ ಕೊಟ್ಟ. ನಾನು ಒರೆಸಿಟ್ಟೆ. ತಪ್ಪಾಯಿತು ಎಂಬ ಮಾತು ನಮ್ಮ ಕಾಲದ ತಂದೆಯರ ಬಾಯಲ್ಲಿ ಸುಲಭವಾಗಿ ಬರುವುದಿಲ್ಲ. ಎರಡು ತಟ್ಟೆ, ಒಂದು ಸಾರಿನ ಪಾತ್ರೆ ಆದ ಮೇಲೆ ಬಂತು. ಅವನು "ಬಿಡಿ ಅಪ್ಪ" ಎಂದ.

ದೆವ್ವಗಳೂ ಹೆದರುವಂಥದ್ದು ಯಾವುದು ಎಂದು ಲವ್‌ಕ್ರಾಫ್ಟ್ ಸಮುದ್ರದ ತಳದಲ್ಲಿ ಹುಡುಕಿದ, ಕಾರ್ಟೂನಿನವರು ಅವನ ಹಿಂದೆ ಹೋದರು. ನಾನು ಅಷ್ಟು ದೂರ ಹೋಗಬೇಕಿರಲಿಲ್ಲ. ಆ ಕಾರ್ಟೂನಿನ ಹೆಸರಿನಲ್ಲಿರುವ 'ಕಲೆಕ್ಟ್ ಕಾಲ್' ಎಂದರೆ ಕರೆ ಮಾಡಿದವನ ಬದಲು ಕರೆ ಬಂದವನು ದುಡ್ಡು ತೆರುವ ಟ್ರಂಕ್ ಕಾಲ್. ನಾನು ಒಂದು ರಾತ್ರಿ ಗುಮ್ಮನನ್ನು ಕರೆದೆ. ಆ ಕರೆಯ ಬಿಲ್ಲನ್ನು ಐದು ವರ್ಷ ತೆತ್ತವನು ಮಗ.

ಕಾರ್ಟೂನಿನ ಬಗ್ಗೆ ಕೊನೆಯ ಮಾತು. ಅದರಲ್ಲಿ ಕುಂದುಗಳಿವೆ. ಗದ್ದಲ ಹೆಚ್ಚು, ಪೀಟರನ ಹಾಸ್ಯ ಕೆಲವೆಡೆ ಅತಿಯಾಗುತ್ತದೆ, ಭೂತಗಳ ಗೆರೆಯಲ್ಲಿ ಅವಸರ ಕಾಣುತ್ತದೆ. ಆದರೂ ನಿಮ್ಮ ಮನೆಯ ಮಕ್ಕಳು ನೋಡುತ್ತಿದ್ದರೆ ಬಿಡಿಸಬೇಡಿ. ಸಾಧ್ಯವಾದರೆ ಪಕ್ಕದಲ್ಲಿ ಕೂತುಕೊಳ್ಳಿ. ನಾನು ಇಷ್ಟು ವರ್ಷ ಮಾಡಬೇಕಾಗಿದ್ದ ಕೆಲಸವನ್ನು ಅದು ಒಂದು ಕ್ಯಾಸೆಟ್ಟಿನಲ್ಲಿ ಬಂದು ನನ್ನ ಮಗನಿಗೆ ಮಾಡಿಕೊಟ್ಟಿದೆ. ಅದಕ್ಕೆ ನಾನು ಋಣಿ.

ಅಂದು ರಾತ್ರಿ ಮಗ ವಾಪಸು ಹೊರಟ. ಮೊಮ್ಮಗಳು ಉಳಿದಳು. ಹನ್ನೊಂದರ ಹೊತ್ತಿಗೆ ಗುಡುಗು, ಬೇಸಗೆಯ ಮಳೆ. ಕರೆಂಟ್ ಹೋಯಿತು. ನಡುಮನೆಯಿಂದ "ತಾತಾ" ಎಂದು ಕೂಗು ಬಂತು. ಗಡಬಡಿಸಿ ಎದ್ದೆ. ಕತ್ತಲಲ್ಲಿ ಮೊಣಕಾಲು ಮಂಚದ ಅಂಚಿಗೆ ಚೆನ್ನಾಗಿಯೇ ತಗುಲಿತು. "ಬಂದೆ ಪುಟ್ಟೀ, ನಾನೇ, ಬಂದೆ" ಎಂದು ಕೂಗುತ್ತಲೇ ಗೋಡೆ ಹಿಡಿದು ನಡೆದೆ. ದನಿ ನನ್ನದೇ ಎಂದು ಅವಳಿಗೆ ಗೊತ್ತಾಗಲಿ ಎಂದು ಸ್ವಲ್ಪ ಜೋರಾಗಿಯೇ ಕೂಗಿದೆ.